ಶ್ಯಾಮಲಾಳ ಜೋಡಿ ಡಿಸ್ಕು

ಕುಂದಲಹಳ್ಳಿಯ ಶ್ಯಾಮಲಾಳ ಅಂಗಡಿಗೆ ಬ್ಲೌಸ್ ತಂದವರು ಮೊದಲು ಕೇಳುತ್ತಿದ್ದುದು ಪಿಳ್ಳಮ್ಮನ ಬಳ್ಳಿಯನ್ನೇ. ಪಿಳ್ಳಮ್ಮ ಅವಳ ಅತ್ತೆ. ಹೊಸ್ತಿಲ ಮುಂದೆ ಅತ್ತೆ ಬಿಡಿಸುತ್ತಿದ್ದ ಬಳ್ಳಿ ರಂಗೋಲಿಗಳನ್ನು ಶ್ಯಾಮಲಾ ಒಂದೊಂದಾಗಿ ಕಂಪ್ಯೂಟರಿಗೆ ಇಳಿಸಿ, ಕಸೂತಿ ಮಷೀನಿನಿಂದ ತೋಳಿನ ಮೇಲೆ ಅರಳಿಸುತ್ತಿದ್ದಳು. ಹಳೇ ಕೊಟ್ಟಿಗೆಯನ್ನು ಅಂಗಡಿ ಮಾಡಲು ಮನೆಯವರನ್ನೆಲ್ಲ ಒಪ್ಪಿಸಿದ್ದೂ ಆ ಬಳ್ಳಿಗಳನ್ನು ತೋರಿಸಿಯೇ. ಈಗ ಪಿಳ್ಳಮ್ಮನ ಕೈ ನಡುಗುತ್ತದೆ, ಪುಡಿ ಹಿಡಿದರೆ ಗೆರೆ ನಿಲ್ಲುವುದಿಲ್ಲ. ಕಂಪ್ಯೂಟರಿನಲ್ಲಿ ಇದ್ದದ್ದೇ ಉಳಿದದ್ದು.

ಅದನ್ನು ಜೋಪಾನ ಮಾಡಲೆಂದೇ ಕಂಪ್ಯೂಟರ್ ರಿಪೇರಿಯ ಹನುಮೇಶ ಎರಡು ಡಿಸ್ಕ್ ಹಾಕಿಕೊಟ್ಟಿದ್ದ. ಒಂದರಲ್ಲಿ ಬರೆದದ್ದು ತಾನಾಗಿ ಇನ್ನೊಂದಕ್ಕೂ ಹೋಗುತ್ತದೆ, ಅದಕ್ಕೆ ಬೇರೆ ಬಿಡಿಭಾಗವೇನೂ ಬೇಡ, ಸಾಫ್ಟ್‌ವೇರೇ ಎರಡನ್ನೂ ಜೋಡಿಸಿ ಒಂದೇ ಎನ್ನುವಂತೆ ನಡೆಸುತ್ತದೆ ಎಂದಿದ್ದ. ಆ ಧೈರ್ಯದಲ್ಲಿ ಶ್ಯಾಮಲಾ ಬೇರೆಲ್ಲೂ ನಕಲು ಇಟ್ಟಿರಲಿಲ್ಲ.

ಆಯುಧಪೂಜೆಗೆ ಅವಳ ಗಂಡ ಲೋಕೇಶ್ ಕಂಪ್ಯೂಟರಿನ ಡಬ್ಬಿ ಬಿಚ್ಚಿ ಧೂಳು ಒರೆಸಿದ, ಅರಿಶಿನ ಕುಂಕುಮ ಇಟ್ಟ, ಮುಚ್ಚಳ ಹಾಕುವ ಮೊದಲೇ ಅದರೆದುರು ತೆಂಗಿನಕಾಯಿ ಒಡೆದ. ನೀರು ಒಳಕ್ಕೆ ಚಿಮ್ಮಿತು. ಟವೆಲ್ಲಿನಿಂದ ಒರೆಸಿ ಸುಮ್ಮನಾದ. ಮರುದಿನ ವಿಜಯದಶಮಿ. ಮೊದಲ ಹೊಲಿಗೆ ಹಾಕೋಣವೆಂದು ಶ್ಯಾಮಲಾ ಸ್ವಿಚ್ ಒತ್ತಿದರೆ ಕಪ್ಪು ಪರದೆ. ಶುರುವಾಗಲು ಡಿಸ್ಕ್ ಸಿಗುತ್ತಿಲ್ಲ ಎಂಬ ಒಂದೇ ಸಾಲು.

ಲೋಕೇಶ್ ಪೆಚ್ಚಾಗಿ, ಎಲ್ಲ ಅಳಿಸಿ ಹೊಸದಾಗಿ ಹಾಕಿಸೋಣ ಎಂದ. ಅವನ ಕೈಯನ್ನು ಡಬ್ಬಿಯಿಂದ ಸರಿಸಿ ಅವಳು ಹನುಮೇಶನಿಗೆ ಫೋನ್ ಮಾಡಿದಳು.

ಹಬ್ಬದೂಟ ಬಿಟ್ಟು ಬಂದ ಹನುಮೇಶ ಡಬ್ಬಿಯೊಳಗೆ ಬಗ್ಗಿ ಮೂಸಿದ. "ಏನ್ ಲೋಕೇಶಣ್ಣ, ಡಿಸ್ಕಿಗೂ ತೀರ್ಥ ಕೊಟ್ಟಿದ್ದೀಯಲ್ಲ."

ಕೆಳಗಿನ ಡಿಸ್ಕ್ ಸತ್ತಿತ್ತು. ಮೇಲಿನದು ತಿರುಗುತ್ತಿತ್ತು.

"ಒಂದು ಚೆನ್ನಾಗಿದ್ರೆ ಸಾಕು ಅಂತ ನೀನೇ ಅಂದಿದ್ದೆ. ಮತ್ಯಾಕೆ ಏಳ್ತಿಲ್ಲ?" ಎಂದಳು ಶ್ಯಾಮಲಾ.

ಹನುಮೇಶ ತಲೆ ಕೆರೆದುಕೊಂಡ. "ತಪ್ಪು ನಂದೇ ಅಕ್ಕ. ಡಿಸೈನ್ ಎರಡರಲ್ಲೂ ಬೀಳೋ ಹಂಗೆ ಮಾಡ್ದೆ. ಕಂಪ್ಯೂಟರ್ ಎಬ್ಬಿಸೋ ಭಾಗ ಮಾತ್ರ ಕೆಳಗಿನದ್ರಲ್ಲೇ ಇಟ್ಟೆ."

ಅಂದರೆ ಬಳ್ಳಿಗಳು ಒಳಗೇ ಇರಬಹುದು! ಶ್ಯಾಮಲಾ ಸ್ಟೂಲನ್ನು ಎಳೆದುಕೊಂಡು ಪಕ್ಕಕ್ಕೇ ಕೂತಳು. ಹನುಮೇಶ ತನ್ನ ಪೆನ್‌ಡ್ರೈವ್ ಚುಚ್ಚಿ ಅದರಿಂದ ಕಂಪ್ಯೂಟರನ್ನು ಎಬ್ಬಿಸಿದ. ಜೊತೆಗಾರನಿಲ್ಲದ ಡಿಸ್ಕ್ ಮೊದಲು ತೆರೆಯದೆ ಹಟ ಹಿಡಿಯಿತು. ಒಂಟಿಯಾಗಿಯೇ ನಡೆ ಎಂದು ಅವನು ಆಜ್ಞೆ ಕೊಟ್ಟ. ಪರದೆಯ ಮೇಲೆ ಸಾಲುಗಳು ಸರಸರ ಹರಿದವು. ಶ್ಯಾಮಲಾ ಸೆರಗಿನ ತುದಿಯನ್ನು ಕಚ್ಚಿಕೊಂಡಿದ್ದಳು. ಮಲ್ಲಿಗೆ ಬಳ್ಳಿ, ಹಾಗಲ ಬಳ್ಳಿ, ನವಿಲು ಬಳ್ಳಿ... ಹೆಸರುಗಳು ಒಂದರ ಕೆಳಗೊಂದು ಬಂದು ನಿಂತವು.

"ಬಂತು, ಬಂತು" ಎಂದು ಲೋಕೇಶನೇ ಕುಣಿದ.

ಮೊದಲು ಎಲ್ಲದರ ನಕಲು ತೆಗೆಸಿದಳು ಶ್ಯಾಮಲಾ. ಆಮೇಲೆ ಹನುಮೇಶ ಎಬ್ಬಿಸುವ ಭಾಗವನ್ನು ಉಳಿದ ಡಿಸ್ಕಿಗೂ ಬರೆದ, ಪೆನ್‌ಡ್ರೈವ್ ಕಿತ್ತ, ಸ್ವಿಚ್ಚನ್ನು ಅವಳಿಗೇ ಬಿಟ್ಟ. ಒತ್ತಿದಳು. ಪರದೆ ಮೊದಲು ಕಪ್ಪಾಗಿ, ಆಮೇಲೆ ಬೆಳಗಿತು. ಕಂಪ್ಯೂಟರ್ ತನ್ನ ಕಾಲ ಮೇಲೆ ತಾನೇ ಎದ್ದಿತ್ತು. ಸತ್ತ ಡಿಸ್ಕಿನ ಬದಲು ಹೊಸದು ತಂದಾಗ ಅದಕ್ಕೂ ಮರೆಯದೆ ಆ ಭಾಗ ಬರೆಯುತ್ತೇನೆಂದು ಹನುಮೇಶ ಯಾರೂ ಕೇಳದೆಯೇ ಮಾತು ಕೊಟ್ಟ.

ಗಲಾಟೆ ಕೇಳಿ ಗೋಡೆ ಹಿಡಿದುಕೊಂಡು ಬಂದ ಪಿಳ್ಳಮ್ಮನಿಗೆ ಶ್ಯಾಮಲಾ ಹಾಗಲ ಬಳ್ಳಿಯನ್ನು ಪರದೆ ತುಂಬ ತೆರೆದು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ನೋಡಿದರು.

"ಈ ಕುಡಿ ಇಂಗ್ಯಾಕೆ ಬಲಕ್ಕೆ ಒಂಟೈತೆ? ನಾನು ಎಡಕ್ಕಲ್ವಾ ಎಳೀತಿದ್ದಿದ್ದು?"

"ಇಷ್ಟು ದಿನ ಹೇಳ್ಲೇ ಇಲ್ಲವಲ್ಲ ಅತ್ತೆ."

"ತೋಳಿನ ಮ್ಯಾಗೆ ಇಷ್ಟೇ ಇಷ್ಟು ಮಾಡಿದ್ರೆ ನಂಗೇನ್ ಕಾಣ್ತದೆ?"

ಶ್ಯಾಮಲಾ ಸ್ಟೂಲನ್ನು ಅತ್ತೆಗೆ ಬಿಟ್ಟುಕೊಟ್ಟಳು. ನಡುಗುವ ಬೆರಳು ಪರದೆಯ ಮೇಲೆ ಎಡಕ್ಕೆ ಸರಿಯಿತು. ಶ್ಯಾಮಲಾಳ ಮೌಸ್ ಅದರ ಹಿಂದೆಯೇ ಹೋಯಿತು. ಮೊದಲ ಹೊಲಿಗೆ ಸಂಜೆಗೆ ಬಿತ್ತು.