ಪ್ರಸಾರವಾಗದ ಮಾತು

ಯಂತ್ರಗಳ ವಿಷಯದಲ್ಲಿ ನಾನು ಯಾವ ಪವಾಡವನ್ನೂ ನಂಬಿದವಳಲ್ಲ. ತಂತಿ ಕೂಡಿದ್ದರೆ ಧ್ವನಿ ಹೋಗುತ್ತದೆ, ಕೂಡದಿದ್ದರೆ ಇಲ್ಲ. ಈಗಲೂ ಹಾಗೆಯೇ ಹೇಳುತ್ತೇನೆ, ಆದರೆ ಮೊದಲಿನ ಧೈರ್ಯವಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ನೀವೇ ನೋಡಿ.

ಕೆಲವು ವರ್ಷಗಳ ಹಿಂದೆ ಮರಾಠಿ ನಾಡಿನ ನೆರೂಳದ ಒಂದು ವಿಶ್ವವಿದ್ಯಾಲಯದ ರೇಡಿಯೋದಲ್ಲಿ ಭಾನುವಾರ ಮಧ್ಯಾಹ್ನ ಅರ್ಧ ಗಂಟೆ ಕನ್ನಡ ಕಾರ್ಯಕ್ರಮ ನಡೆಸುತ್ತಿದ್ದೆ. ಅಂಥ ಕೇಂದ್ರಗಳ ಪ್ರಸಾರ ಸುತ್ತಲಿನ ಕೆಲವು ಸೆಕ್ಟರ್ ದಾಟುವುದಿಲ್ಲ. ಯಾರಾದರೂ ಕೇಳುತ್ತಾರೋ ಇಲ್ಲವೋ ತಿಳಿಯುವ ದಾರಿಯೂ ಇರಲಿಲ್ಲ. ಯಂತ್ರ ನೋಡಿಕೊಳ್ಳುತ್ತಿದ್ದ ಬೆಳಗಾವಿಯ ಸಾವಂತರು, "ಮೇಡಂ, ನಿಮ್ಮ ಪ್ರೋಗ್ರಾಮ್ ಕೇಳಾವ್ರು ನಾವಿಬ್ರ. ಅದ್ರಾಗ ನಾ ತೂಕಡಿಸ್ತಿರ್ತೀನಿ" ಎಂದು ಛೇಡಿಸುತ್ತಿದ್ದರು.

ಒಂದು ಭಾನುವಾರ ಮಹಾದೇವಿ ಬಂದಳು. ಕಲಬುರಗಿ ಕಡೆಯವಳು, ನಮ್ಮ ಹಿಂದಿನ ರಸ್ತೆಯಲ್ಲಿ ಏಳುತ್ತಿದ್ದ ಕಟ್ಟಡದಲ್ಲಿ ಕೆಲಸ. ಅವಳ ತಮ್ಮ ಶರಣಪ್ಪ ಜಗಳವಾಡಿ ಶೆಡ್ಡು ಬಿಟ್ಟುಹೋಗಿದ್ದ. ದೂರದ ಇಟ್ಟಿಗೆ ಭಟ್ಟಿಗೆ ಜನ ಒಯ್ಯುವ ಒಬ್ಬ ಮುಕಾದಮನ ಜೊತೆ ಅಂದೇ ಹೊರಡುವನೆಂದು ಸುದ್ದಿ. ಹಿಂದೆ ಅವನ ಜೊತೆ ಹೋದ ಅವರ ಊರಿನ ಹುಡುಗರು ಮರಳಿರಲಿಲ್ಲ.

"ಸಿಮ್ ತೆಗದ್ ಒಗದಾನ್ರಿ ಅಕ್ಕಾರ. ಆದ್ರ ಮೊಬೈಲ್‌ನ್ಯಾಗ ರೇಡಿಯೋ ಬಿಡಂಗಿಲ್ಲ. ಇಲ್ಲೇ ನೆರೂಳದಾಗ ಎಲ್ಲೋ ಅದಾನ. ನನ್ನ ದನಿ ಕೇಳ್ಸ್ರಿ."

ಮೈಕ್ ತೆರೆದೆ. ಕೆಂಪು ದೀಪ ಹತ್ತಿತು. "ಶರಣ್ಯಾ, ತಪ್ಪು ನಂದೂ ಐತಿ. ಅವ್ನ ಗಾಡಿ ಹತ್ಬ್ಯಾಡ, ಬಾ" ಎಂದಳು. ಮೈಕಿನಿಂದ ಹಿಂದೆ ಸರಿದಳು. ಮೈಕ್ ಮುಚ್ಚಿದೆ, ದೀಪ ಆರಿತು. ಆಮೇಲೆ ಅವಳಿಗೆ ಸಿಟ್ಟು ಬಂತು. "ಬರ್ಲಿ ಮಗ, ಕಾಲ್ ಮುರ್ದು ಕೈಯಾಗ ಕೊಡ್ತೀನಿ!"

ಅಷ್ಟರಲ್ಲಿ ಸಾವಂತರು ಮಹಡಿಯಿಂದ ಇಳಿದು ಬಂದರು. ಮುಖದಲ್ಲಿ ನಗೆಯಿರಲಿಲ್ಲ. ತಾರಸಿಗೆ ವಾಟರ್‌ಪ್ರೂಫಿಂಗ್ ಮಾಡುವವರು ಬೆಳಿಗ್ಗೆಯೇ ಆಂಟೆನಾದ ಕೇಬಲ್ ಬಿಚ್ಚಿ ಸುತ್ತಿಟ್ಟಿದ್ದರು. ಕೆಂಪು ದೀಪ ಮೈಕಿಗೆ ಮಾತ್ರ ಜೋಡಿಸಿದ್ದು, ಆಂಟೆನಾದ ಸುದ್ದಿ ಅದಕ್ಕೆ ಗೊತ್ತಾಗುವುದಿಲ್ಲ. ನಾವು ಸದಾ ಆ ದೀಪವನ್ನೇ ನಂಬಿದ್ದೆವು.

"ಒಂದಕ್ಷರಾನೂ ಹೊರಗ ಹೋಗಿಲ್ಲ ಮೇಡಂ. ಜೋಡ್ಸೋದು ಇನ್ನ ನಾಳಿನ."

"ನಾಳಿ ಯಾರಿಗೆ ಬೇಕ್ರಿ?" ಎಂದಳು ಮಹಾದೇವಿ.

ಮೂವರೂ ಹೊರಟೆವು. ಕೂಲಿಯವರು ಸೇರುವ ನಾಕಾಗಳು, ಠಾಣೆ ಊರಿನ ರೈಲ್ವೆ ಸ್ಟೇಷನ್ನು, ಎಲ್ಲೆಡೆ ಹುಡುಕಿದೆವು. ಅವಳು ನಮ್ಮ ಕಣ್ಣು ತಪ್ಪಿಸಿ ಎಲ್ಲಿಗೂ ಹೋಗಲಿಲ್ಲ, ಯಾರಿಗೂ ಫೋನ್ ಮಾಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ.

ಸಂಜೆ ಸೋತು ಮರಳಿದಾಗ ಕ್ಯಾಂಪಸ್ಸಿನ ಗೇಟಿನ ಬಳಿ ಒಬ್ಬ ಯುವಕ ಕೂತಿದ್ದ. ಅಕ್ಕನನ್ನು ಕಂಡು ಕಾಲು ಮುಂದೆ ಚಾಚಿದ.

"ಮುರ್ದು ಕೈಯಾಗ ಕೊಡ್ತೀನಿ ಅಂದ್ಯಲ್ಲ. ತಗೋ, ಮುರಿ."

ಅವಳು ಅವನನ್ನು ಹೊಡೆದಳು, ಅಪ್ಪಿಕೊಂಡಳು, ಮತ್ತೆ ಹೊಡೆದಳು. ಸಾವಂತರು ನಗಲು ಹೋಗಿ ತಟ್ಟನೆ ನನ್ನತ್ತ ತಿರುಗಿದರು.

ಆ ಮಾತನ್ನು ಎಲ್ಲಿ ಕೇಳಿಸಿಕೊಂಡೆ ಎಂದು ಅವನನ್ನು ವಿಚಾರಿಸಿದೆ. ನೆರೂಳದಿಂದ ಎಷ್ಟೋ ದೂರದ ಅಂಬರನಾಥದಲ್ಲಿ, ಮುಕಾದಮನ ಖೋಲಿಯಲ್ಲಿ, ಇಯರ್‌ಫೋನಿನಲ್ಲಿ ಎಂದ. ಕೊನೆಗೆ ಏನು ಕೇಳಿಸಿತು ಎಂದು ಕೇಳಿದೆ.

"ಕಾಲ್ ಮುರೀತೀನಿ ಅಂದ್ಳು. ಆಮ್ಯಾಲ ಯಾರೋ ಹೆಣ್ಮಗಳು 'ನೀರು ಕುಡಿಯಮ್ಮ' ಅಂದ್ರು. ಅದು ನೀವೇನ್ರಿ?"

ನಾನೇ. ಮುಚ್ಚಿದ ಮೈಕಿನ ಮುಂದೆ, ಬಾಟಲಿ ಕೊಡುತ್ತಾ ಅಂದ ಮಾತು ಅದು.

ಸ್ಟುಡಿಯೋದ ರೆಕಾರ್ಡಿಂಗ್ ತೆರೆದು ಕೇಳಿದೆ. ಅದು 'ಬಾ' ಎಂಬಲ್ಲಿಗೆ ನಿಂತಿದೆ. ಕೇಬಲ್ ಕೂಡಿಸಿದ ಮೇಲೆ ಸಾವಂತರು ಅಂಬರನಾಥದ ಅದೇ ಖೋಲಿಯ ಹೊರಗೆ ನಿಂತು ನಮ್ಮ ಕೇಂದ್ರವನ್ನು ಹುಡುಕಿದರು. ಗೊರಗೊರ ಸದ್ದು ಬಿಟ್ಟರೆ ಬೇರೇನೂ ಇಲ್ಲ. ತಿಳಿದವರನ್ನೆಲ್ಲ ಕೇಳಿದ್ದೇನೆ. ಯಾರ ಉತ್ತರವೂ ನನಗೆ ಒಪ್ಪಿಗೆಯಾಗಿಲ್ಲ.

ಆ ಸಂಜೆ ಶರಣಪ್ಪನನ್ನು ಇನ್ನೊಂದು ಮಾತು ಕೇಳಿದ್ದೆ: ಖೋಲಿಯಲ್ಲಿ ಬೇರೆ ಹುಡುಗರಿದ್ದರೇ?

"ಭಾಳ ಮಂದಿ ಇದ್ರು. ಎಲ್ಲರ ಕಿವ್ಯಾಗೂ ಇಯರ್‌ಫೋನ್ ಇತ್ತು. ಅವ್ರಿಗೇನ್ ಕೇಳ್ಸ್ತೋ ಗೊತ್ತಿಲ್ರಿ. ಎದ್ದು ಬಂದಾವ ನಾನೊಬ್ನ."