ಡಿಸ್ಕಿನ ನಾಡಿ ಹಿಡಿದಾಕೆ

ನಿನ್ನೆ ಕೊಟ್ಟೂರಿನ ಮನೆಯಲ್ಲಿ ಹಳೆಯ ಪೆಟ್ಟಿಗೆಯೊಂದನ್ನು ತೆರೆದೆ. ತಾಳೆಗರಿಗೆ ಸವರುವ ನಿಂಬೆಹುಲ್ಲಿನ ಎಣ್ಣೆಯ ವಾಸನೆ ಮೇಲೆದ್ದಿತು. ಅದರೊಡನೆ, ನಮ್ಮ ಗ್ರಂಥಭಂಡಾರದ ಗಣಕಯಂತ್ರವನ್ನು ನೋಡಿಕೊಳ್ಳುತ್ತಿದ್ದ ಆ ಹೆಣ್ಣುಮಗಳು ಎದುರಿಗೆ ಬಂದು ನಿಂತಂತಾಯಿತು...

ಹರಪನಹಳ್ಳಿಯ ಆ ಪುಟ್ಟ ಭಂಡಾರದಲ್ಲಿ ನಾನು ಓಲೆಗಳನ್ನು ಬಿಡಿಸಿ ಓದುತ್ತಿದ್ದೆ. ಆಕೆ ಅವುಗಳ ಚಿತ್ರ ತೆಗೆದು ಲಿನಕ್ಸ್ ಯಂತ್ರದಲ್ಲಿ ಇರಿಸುತ್ತಿದ್ದಳು. ಕೂಡ್ಲಿಗಿಯಿಂದ ಬೆಳಗಿನ ಬಸ್ಸಿಗೆ ಬಂದವಳು ಹೆಗಲಿನ ಚೀಲ ಇಳಿಸುವ ಮೊದಲೇ ಕಪ್ಪು ಪರದೆ ತೆರೆದು ಒಂದೊಂದೇ ಆಜ್ಞೆಯನ್ನು ಬೆರಳಚ್ಚಿಸುವಳು. ಜಾಗ ಎಷ್ಟು ಉಳಿದಿದೆ, ಯಂತ್ರ ಎಷ್ಟು ಬಿಸಿಯಾಗಿದೆ, ಡಿಸ್ಕ್ ಹೇಗಿದೆ ಎಂಬುದೆಲ್ಲ ಬಿಳಿಯ ಅಕ್ಷರಗಳಲ್ಲಿ ಸಾಲುಸಾಲಾಗಿ ಮೂಡುತ್ತಿತ್ತು.

"ಆಯಿತೇನವ್ವಾ ಯಂತ್ರದ ಸಂಧ್ಯಾವಂದನೆ?" ಎಂದು ನಾನು ಕೆಣಕುತ್ತಿದ್ದೆ.

"ಆತ್ರಿ. ನಿಮ್ಮ ದೇವರು ಒಂದಿನ ಬಿಟ್ರ ಕ್ಷಮಿಸ್ತಾನ, ಇದು ಕ್ಷಮಿಸಂಗಿಲ್ರಿ."

ಒಂದು ವರ್ಷ ಮಹಾಲಯ ಪಕ್ಷದ ನಡುವೆ ಆಕೆ ನನ್ನನ್ನು ಪರದೆಯ ಬಳಿಗೆ ಕರೆದಳು. ಹಿರೇಹಡಗಲಿಯ ಮನೆತನವೊಂದು ಒಪ್ಪಿಸಿದ್ದ ಓಲೆಕಟ್ಟಿನ ಚಿತ್ರಗಳು ಆಗಷ್ಟೇ ಮುಗಿದಿದ್ದವು. ಆ ಓಲೆಗಳು ಅದೆಷ್ಟು ಜೀರ್ಣವಾಗಿದ್ದವೆಂದರೆ, ಒಂದೊಂದೂ ಚಿತ್ರ ತೆಗೆದದ್ದೇ ತಡ ಪುಡಿಯಾಗಿ ಹೋಗಿತ್ತು. ಇನ್ನು ಆ ಚಿತ್ರಗಳೇ ಗ್ರಂಥ.

ಡಿಸ್ಕಿನ ವರದಿಯ ನೆತ್ತಿಯಲ್ಲಿ 'ಪಾಸ್' ಎಂದಿತ್ತು. ನಾನು ಅದನ್ನೇ ಬೆರಳಿಟ್ಟು ತೋರಿಸಿದೆ.

"ಅದನ್ನ ನಂಬಬ್ಯಾಡ್ರಿ ಪಂಡಿತರ. ಕೆಳಗಿನ ಸಾಲು ನೋಡ್ರಿ. ಡಿಸ್ಕಿನಾಗ ಕೆಟ್ಟ ಜಾಗ ಮೊನ್ನಿ ಎಂಟಿದ್ವು, ಇವತ್ತ ನಲವತ್ತಾಗ್ಯಾವ. ಬ್ಯಾರೆ ಎಲ್ಲೂ ಇಡಾಕ ಜಾಗ ಇಲ್ರಿ. ಹೊಸ ಡಿಸ್ಕ್ ತರಿಸ್ರಿ, ಇವತ್ತ ನಕಲು ಮಾಡಿಡ್ತೀನಿ."

ಖರೀದಿಗೆ ಒಪ್ಪಿಗೆ ಕೊಡಬೇಕಾದವನು ನಾನು. ಪಿತೃಪಕ್ಷದಲ್ಲಿ ಹೊಸ ವಸ್ತುವನ್ನು ಮನೆಗೆ ತರುವ ಪದ್ಧತಿ ನಮ್ಮಲ್ಲಿಲ್ಲ. ಭಂಡಾರವನ್ನು ನಾನು ದೇವರಮನೆಯೆಂದೇ ಭಾವಿಸಿದ್ದೆ. ಅಮಾವಾಸ್ಯೆ ಕಳೆಯಲಿ, ಪಾಡ್ಯದಂದು ತರಿಸೋಣ ಎಂದೆ.

"ಡಿಸ್ಕಿಗೆ ಪಂಚಾಂಗ ಗೊತ್ತಿಲ್ರಿ," ಎಂದಳು. ನಗಲಿಲ್ಲ.

ಮುಂದಿನ ದಿನಗಳಲ್ಲಿ ಆಕೆ ಆ ಸಾಲನ್ನು ನನಗೆ ಕೇಳಲೆಂದೇ ಗಟ್ಟಿಯಾಗಿ ಓದುತ್ತಿದ್ದಳು. ಅರವತ್ತು, ನೂರಾಹತ್ತು... ನಾನು ಅಮಾವಾಸ್ಯೆಗೆ ಉಳಿದ ತಿಥಿಗಳನ್ನು ಎಣಿಸುತ್ತಿದ್ದೆ.

ಇನ್ನೆರಡು ದಿನ ಬಾಕಿಯಿರುವಾಗ ಡಿಸ್ಕ್ ನಿಂತುಹೋಯಿತು. ಚಿತ್ರಗಳು ಮರಳಲಿಲ್ಲ.

ಭಂಡಾರದ ಸಮಿತಿಯ ಹಿರಿಯರು ಆಕೆಯನ್ನು ಎದುರಿಗೆ ನಿಲ್ಲಿಸಿ ಕೇಳಿದರು: "ದಿನಾ ಪರೀಕ್ಷಾ ಮಾಡ್ತಿದ್ದಿ, ಮತ್ತ ಮೊದ್ಲ ಹೇಳಾಕ ಏನಾಗಿತ್ತವಾ?"

ಆಕೆ ನನ್ನತ್ತ ನೋಡಿದಳು, ನಾನೇ ಹೇಳುವೆನೆಂಬ ನಂಬಿಕೆಯಿಂದ... ನಾನು ತೊಡೆಯ ಮೇಲಿದ್ದ ನನ್ನ ಕೈಗಳನ್ನು ನೋಡುತ್ತ ಕುಳಿತೆ. ಸತ್ಯವನ್ನು ಕುರಿತು ಅದೆಷ್ಟೋ ಪ್ರವಚನ ಮಾಡಿದ ನಾಲಿಗೆ ಅಂದು ಏಳಲಿಲ್ಲ. ಆಕೆಯೂ ನನ್ನ ಹೆಸರೆತ್ತದೆ ಚೀಲವನ್ನು ಹೆಗಲಿಗೇರಿಸಿದಳು. ಮರುದಿನದಿಂದ ಬರಬೇಕಾಗಿಲ್ಲವೆಂದು ಆಕೆಗೆ ತಿಳಿಸಲಾಯಿತು.

ಕಳೆದ ತಿಂಗಳು, ತಪ್ಪು ನನ್ನದೆಂದು ಸಮಿತಿಗೆ ಬರೆದ ಪತ್ರವನ್ನು ಹಿಡಿದು, ಮೊದಲು ಆಕೆಗೇ ತೋರಿಸಲೆಂದು ಕೂಡ್ಲಿಗಿಗೆ ಹೋದೆ. ಬಾಗಿಲು ತೆರೆದ ಆಕೆಯ ತಂಗಿ, ಅಕ್ಕ ತೀರಿಕೊಂಡು ಎರಡು ವರ್ಷವಾಯಿತೆಂದಳು. ನಾನು ಯಾರೆಂದು ಹೇಳಿಕೊಂಡೆ.

"ಗೊತ್ತೈತ್ರಿ, ಒಳಗ ಬರ್ರಿ. ನಾವು ನಿಮ್ಮನ್ನ ಬೈದ್ರ ಅಕ್ಕ ಕೇಳ್ತಿರಲಿಲ್ಲ. 'ಅವರಿಗೆ ವಯಸ್ಸಾಗಿತ್ತು, ನಾ ಹೇಳಿದ್ದು ಮರ್ತುಬಿಟ್ಟಿದ್ರು' ಅಂತಿದ್ಲು."

ಪತ್ರವನ್ನು ಸಮಿತಿಗೆ ತಲುಪಿಸಿದ್ದೇನೆ. ಆದರೆ ಆಕೆಯ ಆ ಒಂದು ಮಾತನ್ನು ತಿದ್ದೋಣವೆಂದರೆ ಕೇಳುವವಳಿಲ್ಲ. ನಾನು ಮರೆತಿರಲಿಲ್ಲ.