ನಾಲ್ಕು ನಿಮಿಷದ ನೆರಳು

ಬಿಸಿಲನ್ನು ಅಳೆಯುವ ಯಂತ್ರವೂ ವರ್ಷ ಕಳೆದಂತೆ ತಪ್ಪು ಹೇಳತೊಡಗುತ್ತದೆ. ಅದನ್ನು ತಿದ್ದುವುದು ನನ್ನ ಕೆಲಸ. ಸೋಲಾರ್ ಪ್ಲಾಂಟಿನವರ ಯಂತ್ರದ ಪಕ್ಕದಲ್ಲಿ ನನ್ನ ನಂಬಿಕೆಯ ಯಂತ್ರವನ್ನಿಟ್ಟು, ಬೆಳಗಿನಿಂದ ಸಂಜೆವರೆಗೆ ಎರಡರ ಅಂಕಿಗಳನ್ನೂ ಹೋಲಿಸಬೇಕು. ಎರಡೂ ಅಂಗೈಯಗಲದವು, ಮೇಲೊಂದು ಗಾಜಿನ ಪುಟ್ಟ ಗುಮ್ಮಟ. ಆ ಗಾಜಿನ ಮೇಲೆ ಯಾರ ನೆರಳೂ ಬೀಳಬಾರದು. ಹಾಗಾಗಿ ಹತ್ತಿರ ಬಂದವರನ್ನೆಲ್ಲ ದೂರ ಅಟ್ಟುವುದೂ ನನ್ನ ಕೆಲಸವೇ.

ಅಟ್ಟಿ ಅಟ್ಟಿ ಸಿಟ್ಟು ಮೂಗಿನ ತುದಿಗೇ ಬಂದು ಕೂತಿದೆ. ಲಿಂಗಸುಗೂರಿನ ಬಾಡಿಗೆ ಕೋಣೆಯಲ್ಲೂ ಒಬ್ಬನೇ. ಬೀಗ ಹಾಕುವವನೂ ನಾನೇ, ತೆಗೆಯುವವನೂ ನಾನೇ. ಅಭ್ಯಾಸವಾಗಿದೆ ಎಂದು ಕೇಳಿದವರಿಗೆ ಹೇಳುತ್ತೇನೆ. ಅದು ಸುಳ್ಳು.

ಸಂಕ್ರಾಂತಿ ಕಳೆದ ವಾರ ಮಸ್ಕಿಯಾಚೆ, ಸಂತೆಕಲ್ಲೂರಿನ ಕಡೆಯ ಒಂದು ಪ್ಲಾಂಟಿನಲ್ಲಿದ್ದೆ. ಸುತ್ತ ಜೋಳದ ಹೊಲ, ಚೂರೂ ಮೋಡವಿಲ್ಲದ ಆಕಾಶ. ಇಂಥ ದಿನ ಸಿಗುವುದೇ ಅಪರೂಪ. ಮಧ್ಯಾಹ್ನ ಪ್ಯಾನಲ್ ತೊಳೆಯುವ ಹೆಂಗಸರು ದೂರದಲ್ಲಿ ಬುತ್ತಿ ಬಿಚ್ಚಿದರು. ನಾನು ಊಟ ತಂದಿರಲಿಲ್ಲ. ನೀರನ್ನಾದರೂ ತುಂಬಿಕೊಳ್ಳೋಣವೆಂದು ಗೇಟಿನವರೆಗೆ ಹೋಗಿ ಬಂದರೆ, ಅವರಲ್ಲೇ ಹಿರಿಯಳೊಬ್ಬಳು ನನ್ನ ಯಂತ್ರಗಳ ಮೇಜಿನ ಪಕ್ಕ ನಿಂತಿದ್ದಾಳೆ. ನೆರಳು ನೇರ ಗಾಜಿನ ಮೇಲೆ!

“ಏ, ಸರಿಬೇ ಆಕಡೆ! ಬುದ್ಧಿ ಐತೇನು ನಿನಗ?”

ಯವ್ವಾ ಅನ್ನಬೇಕಾದ ವಯಸ್ಸಿನವಳಿಗೆ ಹಾಗೆ ಕೂಗಿದೆ. ಅವಳು ಬೆಚ್ಚಿ ಸರಿದಳು. ಮೇಜಿನ ಮೂಲೆಯಲ್ಲಿ ಕೆಂಪು ಅರಿವೆಯ ಗಂಟಿತ್ತು.

“ಮುಂಜಾನಿಂದ ಏನೂ ತಿಂದಿಲ್ಲ ನೀ. ಎರಡು ರೊಟ್ಟಿ, ಪುಂಡಿಪಲ್ಯ ಐತಿ ತಮ್ಮಾ. ನೆಲದಾಗ ಇಟ್ರ ಇರುವಿ ಹತ್ತತಾವಂತ ಮ್ಯಾಲ ಇಟ್ಟೀನಿ,” ಎಂದವಳು ಹೊರಟೇ ಹೋದಳು.

ನನಗೆ ಕೆಟ್ಟುಹೋದ ಅಂಕಿಗಳದ್ದೇ ಚಿಂತೆ. ಮೊದಲು ಗಾಜು ಒರೆಸಿದೆ. ಆಮೇಲೆ ರೊಟ್ಟಿ ತಿಂದೆ.

ಸಂಜೆ ಸಿಂಧನೂರಿನ ಲಾಡ್ಜಿನಲ್ಲಿ ಕಂಪ್ಯೂಟರ್ ತೆರೆದೆ. ದಿನದ ಬಿಸಿಲಿನ ಗೆರೆ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿದಿತ್ತು. ಮಧ್ಯಾಹ್ನ ಒಂದು ಕಡೆ ಮಾತ್ರ ತಟ್ಟನೆ ಕುಸಿದಿತ್ತು. ಒಂದು ಗಳಿಗೆಯಲ್ಲ, ಪೂರಾ ನಾಲ್ಕು ನಿಮಿಷ. ಗಂಟು ಇಡಲು ಅಷ್ಟು ಹೊತ್ತು ಬೇಕೇ? ಪ್ಲಾಂಟಿನ ತುಂಬ ಬೀದಿನಾಯಿಗಳ ಕಾಟ. ಅವು ಗಂಟಿಗೆ ಬಾಯಿ ಹಾಕಿಯಾವೆಂದು, ನಾನು ಬರುವವರೆಗೆ ಅವಳು ಕಾದು ನಿಂತಿದ್ದಳು. ನಾಚಿಕೆಯಿಂದ ಸತ್ತಂತಾಯಿತು.

ಮರುದಿನ ಅರಿವೆ ಒಗೆದುಕೊಂಡು ಹೋದೆ. ಅವಳಿರಲಿಲ್ಲ. “ತುರ್ವಿಹಾಳದ ಕಡೆ ನೆಲ್ಲು ನಾಟಿಗೆ ಹೋಗ್ಯಾಳ್ರಿ,” ಎಂದರು ಉಳಿದವರು. ಬಸ್ಸು ಹಿಡಿದು ಅಲ್ಲಿಗೂ ಹೋದೆ. ಕಾಲುವೆಯುದ್ದಕ್ಕೂ ಗದ್ದೆ, ಗದ್ದೆಯ ತುಂಬ ಬಗ್ಗಿದ ಬೆನ್ನುಗಳು. ನಾಲ್ಕಾರು ಗುಂಪುಗಳಲ್ಲಿ ವಿಚಾರಿಸಿದೆ. ಸಿಗಲಿಲ್ಲ. ಅರಿವೆ ಇನ್ನೂ ನನ್ನ ಚೀಲದಲ್ಲೇ ಇದೆ.

ನೆರಳು ಬಿದ್ದ ನಿಮಿಷಗಳನ್ನು ತೆಗೆದುಹಾಕಬೇಕೆಂಬುದು ನಿಯಮ. ವರದಿಯಲ್ಲಿ ತೆಗೆದೆ. ನನ್ನ ಕಂಪ್ಯೂಟರಿನಲ್ಲಿ ಹಾಗೇ ಬಿಟ್ಟಿದ್ದೇನೆ, ಆಗಾಗ ತೆರೆದು ನೋಡುತ್ತೇನೆ. ಇಷ್ಟು ವರ್ಷ ಅಳೆದ ಬಿಸಿಲಿನಲ್ಲಿ ಒಬ್ಬರು ನನಗಾಗಿ ಕಾದದ್ದು ಆ ನಾಲ್ಕೇ ನಿಮಿಷ. ನಾನು ಬಂದು ಮಾಡಿದ್ದು, ಬೈದದ್ದು.